ಕಾಸರಗೋಡಿನ ಪದವು, ತೋಟ, ಕಡಲತೀರಗಳಲ್ಲಿ ನಾಯಿಯೊಂದಿಗೆ ನಡಿಗೆ: ಇಬ್ಬರ ಆರೋಗ್ಯಕ್ಕೂ ಒಂದು ಮಾರ್ಗದರ್ಶಿ

ಕಾಸರಗೋಡು ಜಿಲ್ಲೆಯ ತೋಟದ ಮನೆಗಳಲ್ಲಿ ನಾಯಿಯಿಲ್ಲದ ಅಂಗಳ ಅಪರೂಪ. ಆದರೆ ಬಹಳಷ್ಟು ಮನೆಗಳಲ್ಲಿ ಅದು ಹಗಲಿಡೀ ಕೊಟ್ಟಿಗೆಯ ಬದಿಯ ಕಂಬಕ್ಕೆ ಸಂಕೋಲೆಯಲ್ಲಿ ಕಟ್ಟಿಸಿಕೊಂಡಿರುತ್ತದೆ. ರಾತ್ರಿ ಬಿಟ್ಟಾಗ ತೋಟಕ್ಕೊಂದು ಸುತ್ತು ಬಂದು ಜಗಲಿಯ ಕೆಳಗೆ ಮಲಗುತ್ತದೆ. ಅದೇ ಮನೆಯ ಯಜಮಾನರು ರಕ್ತದೊತ್ತಡದ ಮಾತ್ರೆ ನುಂಗುತ್ತಾ, ವೈದ್ಯರು ಹೇಳಿದ ಅರ್ಧ ಗಂಟೆಯ ನಡಿಗೆಯನ್ನು ಮಳೆ ಬಿಟ್ಟ ಮೇಲೆ, ಅಡಿಕೆ ಕೊಯ್ಲು ಮುಗಿದ ಮೇಲೆ, ಮದುವೆಯ ಗಡಿಬಿಡಿ ಕಳೆದ ಮೇಲೆ ಎಂದು ಮುಂದೂಡುತ್ತಿರುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಒಂದೇ ಆದುದರಿಂದ ಒಟ್ಟಿಗೆ ಹೊರಡುವುದೇ ಸರಿ. ಆದರೆ ತಂಪು ದೇಶಗಳ ನಾಯಿಗಳಿಗಾಗಿ ಬರೆದ ಸಲಹೆಗಳನ್ನು ಮಂಜೇಶ್ವರದಿಂದ ನೀಲೇಶ್ವರದವರೆಗಿನ ನಮ್ಮ ಸೆಕೆಗೆ, ಮುರಕಲ್ಲಿಗೆ (ಜಂಬಿಟ್ಟಿಗೆಗೆ), ಮಳೆಗೆ ಹಾಗೆಯೇ ಹೊಂದಿಸಲು ಬರುವುದಿಲ್ಲ. ಇಲ್ಲಿ ಹೊತ್ತು, ನೆಲ, ಋತು ಈ ಮೂರನ್ನು ನೋಡಿಕೊಂಡೇ ನಡಿಗೆಯನ್ನು ರೂಪಿಸಬೇಕಾಗುತ್ತದೆ.

ಲಾಭ ಎಲ್ಲಿಂದ ಬರುತ್ತದೆ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಮಧ್ಯಮ ತೀವ್ರತೆಯ ದೈಹಿಕ ಚಟುವಟಿಕೆ ಅಗತ್ಯ. ವಾರದಲ್ಲಿ ಐದು ದಿನ ಅರ್ಧ ಗಂಟೆ ಚುರುಕಾಗಿ ನಡೆದರೆ ಅದರ ಕನಿಷ್ಠ ಮಿತಿ ತುಂಬುತ್ತದೆ. ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿ ಸಾಕಿದವರು ಈ ಮಿತಿಯನ್ನು ಮುಟ್ಟುವ ಸಾಧ್ಯತೆ ಸಾಕದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ಕಂಡುಬಂದಿತು. ಸ್ವೀಡನ್ನಿನಲ್ಲಿ 40ರಿಂದ 80 ವರ್ಷದೊಳಗಿನ 34 ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಹೊರತಂದ ಅಧ್ಯಯನವು ನಾಯಿ ಸಾಕಿದವರಲ್ಲಿ, ಅದರಲ್ಲೂ ಒಂಟಿಯಾಗಿ ವಾಸಿಸುವವರಲ್ಲಿ, ಸಾವಿನ ಅಪಾಯ ಕಡಿಮೆಯಿರುವುದನ್ನು ಗುರುತಿಸಿತು. ಮಕ್ಕಳೆಲ್ಲ ಬೆಂಗಳೂರಿಗೋ ಗಲ್ಫಿಗೋ ಹೋಗಿ ಹಿರಿಯರಷ್ಟೇ ಉಳಿದಿರುವ ನಮ್ಮ ಮನೆಗಳ ಮಟ್ಟಿಗೆ ಈ ಎರಡನೆಯ ಅಂಶ ಗಮನಿಸತಕ್ಕದ್ದು.

ಇವುಗಳನ್ನು ಓದುವಾಗ ಒಂದು ಎಚ್ಚರ ಬೇಕು. ಆರೋಗ್ಯವಂತರೇ ನಾಯಿ ಸಾಕಲು ಮುಂದಾಗುತ್ತಾರೆ ಎಂಬ ಸಾಧ್ಯತೆಯನ್ನು ಇಂತಹ ಅಧ್ಯಯನಗಳು ಪೂರ್ತಿಯಾಗಿ ತಳ್ಳಿಹಾಕಲಾರವು. ಅಮೆರಿಕದ ಹೃದ್ರೋಗ ಸಂಘಟನೆಯೂ 2013ರ ತನ್ನ ಹೇಳಿಕೆಯಲ್ಲಿ ನಾಯಿ ಸಾಕಣೆಗೂ ಹೃದ್ರೋಗದ ಅಪಾಯ ತಗ್ಗುವುದಕ್ಕೂ ಸಂಬಂಧ ಇರಬಹುದೆಂದಿತೇ ಹೊರತು ನಾಯಿಯನ್ನು ಔಷಧಿಯೆಂದು ಬರೆದುಕೊಡಲಿಲ್ಲ. ನನ್ನ ದೃಷ್ಟಿಯಲ್ಲಿ ನಾಯಿಯಿಂದ ಸಿಗುವ ದೊಡ್ಡ ಲಾಭವೆಂದರೆ ತಪ್ಪದ ದಿನಚರಿ. ಎರಡು ವಾರ ಒಂದೇ ಹೊತ್ತಿಗೆ ಹೊರಟರೆ ಮೂರನೆಯ ವಾರ ಅದೇ ಬಂದು ಮೂಗಿನಿಂದ ಕೈ ತಿವಿದು ಎಬ್ಬಿಸುತ್ತದೆ. ಮೊಬೈಲಿನ ಅಲಾರಮನ್ನು ಆರಿಸಬಹುದು, ಬಾಗಿಲ ಬಳಿ ನಿಂತು ಕುಂಯ್‌ಗುಡುವ ನಾಯಿಯನ್ನು ಆರಿಸಲಾಗದು.

ಬೆಳಗಿನ ಎಳೆಬಿಸಿಲಿನಲ್ಲಿ ಬೇಕಾದಷ್ಟು ವಿಟಮಿನ್ ಡಿ ಸಿಗುತ್ತದೆಂಬ ನಂಬಿಕೆಯನ್ನೂ ಇಲ್ಲಿಯೇ ಬದಿಗಿಡಬೇಕು. ಅದನ್ನು ಚರ್ಮದಲ್ಲಿ ತಯಾರಿಸಲು ಬೇಕಾದ ನೇರಳಾತೀತ ಕಿರಣಗಳು ಸೂರ್ಯ ಮೇಲೇರಿದ ಮೇಲಷ್ಟೇ ಸಾಕಷ್ಟು ಬೀಳುತ್ತವೆ. ಆ ಹೊತ್ತು ನಾಯಿಗೆ ಸಲ್ಲದು. ಮುಂಜಾನೆಯ ಬೆಳಕಿನ ಉಪಯೋಗ ಬೇರೆ: ದೇಹದ ಒಳಗಿನ ಗಡಿಯಾರ ಸರಿಹೊಂದಿ ರಾತ್ರಿಯ ನಿದ್ದೆ ಸುಧಾರಿಸುತ್ತದೆ.

ಹೆಜ್ಜೆ 1: ಹೊರಡುವ ಮೊದಲಿನ ತಪಾಸಣೆ

ಹೃದ್ರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊಣಕಾಲಿನ ಸವೆತ ಇರುವವರು ಎಷ್ಟು ವೇಗ, ಎಷ್ಟು ಏರು ತಮಗೆ ಸರಿಯೆಂದು ವೈದ್ಯರಲ್ಲಿ ಕೇಳಿಕೊಳ್ಳಬೇಕು. ಇನ್ಸುಲಿನ್ ಪಡೆಯುವವರು ಬರಿಹೊಟ್ಟೆಯಲ್ಲಿ ಹೊರಡದೆ, ಕಿಸೆಯಲ್ಲಿ ಗ್ಲೂಕೋಸ್ ಅಥವಾ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಬೇಕು.

ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬಿಸ್ ಲಸಿಕೆ, ಬಳಿಕ ವರ್ಷಕ್ಕೊಮ್ಮೆ ತಪ್ಪದೆ ಮರುಲಸಿಕೆ ಆಗಿರಬೇಕು. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಪರವಾನಗಿ ಬೇಕು, ಅದಕ್ಕೆ ಲಸಿಕೆಯ ಪ್ರಮಾಣಪತ್ರವೂ ಬೇಕು; ಎರಡನ್ನೂ ಒಟ್ಟಿಗೆ ಮುಗಿಸಿಕೊಳ್ಳುವುದು ಸುಲಭ. ಇಲಿಜ್ವರವೆಂದು ನಾವು ತಿಳಿದಿರುವ ಲೆಪ್ಟೊಸ್ಪೈರೋಸಿಸ್‌ಗೆ ವಿರುದ್ಧವಾದ ಅಂಶವೂ ಸೇರಿರುವ ಸಂಯುಕ್ತ ಲಸಿಕೆಯನ್ನೇ ಪಶುವೈದ್ಯರಲ್ಲಿ ಕೇಳಿ ಹಾಕಿಸಬೇಕು, ಏಕೆಂದರೆ ನಮ್ಮ ಮಳೆಗಾಲದಲ್ಲಿ ಅದು ಹೆಸರಿಗಷ್ಟೇ ಇರುವ ರೋಗವಲ್ಲ.

ತಳಿ ಮತ್ತು ವಯಸ್ಸನ್ನೂ ನೋಡಬೇಕು. ಪಗ್, ಶಿಟ್ಸು, ಬುಲ್‌ಡಾಗ್‌ನಂತಹ ಚಪ್ಪಟೆ ಮೂತಿಯ ನಾಯಿಗಳಿಗೆ ಏದುಸಿರಿನ ಮೂಲಕ ಮೈಯ ಶಾಖವನ್ನು ಹೊರಹಾಕುವ ಶಕ್ತಿ ಕಡಿಮೆ; ಅವುಗಳಿಗೆ ಚುರುಕು ನಡಿಗೆಯೇ ಹೆಚ್ಚಾದೀತು, ಓಟವಂತೂ ಬೇಡ. ದೊಡ್ಡ ತಳಿಯ ಮರಿಗಳ ಮೂಳೆಗಳು ಗಟ್ಟಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕಾದುದರಿಂದ ಲ್ಯಾಬ್ರಡಾರ್ ಮರಿಯನ್ನು ಎಂಟನೆಯ ತಿಂಗಳಲ್ಲೇ ಬೈಕಿನ ಹಿಂದೆ ಓಡಿಸುವುದು ಅದರ ಕೀಲುಗಳನ್ನು ಕೆಡಿಸುವ ಕೆಲಸ. ನಮ್ಮ ನೆಲದ ಹವೆಗೆ ಹೇಳಿ ಮಾಡಿಸಿದ್ದು ನಾಡನಾಯಿಯೇ. ಒತ್ತೊತ್ತಾದ ತುಪ್ಪಳದ ಸೈಬೀರಿಯನ್ ಹಸ್ಕಿಯನ್ನು ಉಪ್ಪಳದ ಸೆಕೆಗೆ ತಂದು ಸಾಕುವವರ ಉತ್ಸಾಹ ನನಗೆ ಇಂದಿಗೂ ಅರ್ಥವಾಗಿಲ್ಲ.

ಹೆಜ್ಜೆ 2: ಹೊತ್ತನ್ನು ನಿಗದಿಪಡಿಸುವುದು

ನಾಯಿ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಪಾದದ ಮೆತ್ತೆಗಳಲ್ಲಿ ಸ್ವಲ್ಪ ಬೆವರುತ್ತದೆಯಾದರೂ ಶಾಖವನ್ನು ಕಳೆದುಕೊಳ್ಳುವುದು ಮುಖ್ಯವಾಗಿ ನಾಲಗೆ ಚಾಚಿ ಏದುಸಿರು ಬಿಡುವುದರಿಂದ, ಅಂದರೆ ಬಾಯಿಯ ಒದ್ದೆ ಆವಿಯಾಗುವುದರಿಂದ. ಗಾಳಿಯಲ್ಲಿ ಈಗಾಗಲೇ ತೇವ ತುಂಬಿರುವ ಕರಾವಳಿಯಲ್ಲಿ ಈ ಉಪಾಯ ಅರ್ಧದಷ್ಟೇ ಫಲಿಸುತ್ತದೆ. ಆದ್ದರಿಂದ ಉಷ್ಣಮಾಪಕ ತೋರಿಸುವ ಅಂಕಿಯನ್ನಷ್ಟೇ ನಂಬಿದರೆ ಮೋಸಹೋಗುತ್ತೇವೆ. ಮಾರ್ಚಿಯಿಂದ ಮೇವರೆಗೆ ಬೆಳಗ್ಗೆ ಎಂಟರ ನಂತರ ನಾಯಿಯೊಂದಿಗೆ ಚುರುಕು ನಡಿಗೆ ಬೇಡವೇ ಬೇಡ.

ಹಾಗೆಂದು ನಾಲ್ಕೂವರೆಗೆ ಕತ್ತಲಲ್ಲೇ ಹೊರಡುವುದೂ ಎಲ್ಲ ಕಡೆ ಸುರಕ್ಷಿತವಲ್ಲ. ಮುಳಿಯಾರು, ಕಾರಡ್ಕ, ದೇಲಂಪಾಡಿ ಕಡೆಯ ಕಾಡಂಚಿನಲ್ಲಿ ಚಿರತೆ ಸಾಕುನಾಯಿಗಳನ್ನು ಹೊತ್ತೊಯ್ದ ಘಟನೆಗಳು ನಡೆದಿವೆ; ಕಾಡುಹಂದಿಯಂತೂ ಎಲ್ಲ ಕಡೆಯೂ ಇದೆ. ನೆಲದ ಮೇಲಿನ ಕಡ್ಡಿ ಮತ್ತು ಹಾವಿನ ವ್ಯತ್ಯಾಸ ಬರಿಗಣ್ಣಿಗೆ ತಿಳಿಯುವಷ್ಟು ಬೆಳಕಾದ ಮೇಲೆ ಹೊರಟು, ಬಿಸಿಲು ಚುರುಗುಟ್ಟುವ ಮೊದಲು ಮನೆಗೆ ಮರಳುವಂತಿರಬೇಕು. ಬೇಸಗೆಯಲ್ಲಿ ಇದು ಸುಮಾರು ಆರರಿಂದ ಏಳೂವರೆಯ ನಡುವಿನ ಹೊತ್ತು. ಸಂಜೆಯಾದರೆ ಡಾಂಬರು ಮತ್ತು ಮುರಕಲ್ಲು ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡಿರುವುದರಿಂದ ಸೂರ್ಯ ಮುಳುಗಿದ ಮೇಲೂ ನೆಲವನ್ನು ಮುಟ್ಟಿ ನೋಡಬೇಕು: ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಹಿಡಿಯಲು ಆಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು.

ಊಟಕ್ಕೂ ನಡಿಗೆಗೂ ಅಂತರವಿರಲಿ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂತಹ ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದ್ದು, ಗಂಟೆಗಳೊಳಗೆ ಪ್ರಾಣ ಹೋಗಬಹುದು. ನಡೆದು ಬಂದು, ಏದುಸಿರು ನಿಂತು, ಅರ್ಧ ಗಂಟೆ ಕಳೆದ ಮೇಲೆ ಗಂಜಿಯೋ ಮೀನನ್ನವೋ ಬಡಿಸಿದರಾಯಿತು.

ಹೆಜ್ಜೆ 3: ನೆಲವನ್ನು ಆರಿಸುವುದು

ನಮ್ಮ ಜಿಲ್ಲೆಯ ಭಾಗ್ಯವೆಂದರೆ ಐದಾರು ಕಿಲೋಮೀಟರಿನೊಳಗೆ ನಾಲ್ಕು ಬಗೆಯ ನೆಲ ಸಿಗುವುದು; ಒಂದೊಂದರ ಗುಣವೂ ಅಪಾಯವೂ ಬೇರೆ.

ಪೈವಳಿಕೆ ಬಳಿಯ ಪೊಸಡಿಗುಂಪೆಯ ಆಸುಪಾಸಿನಲ್ಲಿ, ಬದಿಯಡ್ಕ, ನೀರ್ಚಾಲು, ಪೆರ್ಲದ ಸುತ್ತಮುತ್ತ ಇರುವ ಮುರಕಲ್ಲಿನ ಪದವುಗಳು, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲುಗಳು, ಮುಂಜಾನೆಯ ನಡಿಗೆಗೆ ಬಹಳ ಚೆನ್ನ. ನೆಲ ವಿಶಾಲ, ನೋಟ ದೂರದವರೆಗೆ ತೆರೆದಿದೆ, ವಾಹನಗಳಿಲ್ಲ. ನಾಯಿಯ ಕಣ್ಣಿಗೆ ಬೀಳುವ ಮೊದಲೇ ಎದುರಿನ ದನವೋ ಬೀದಿನಾಯಿಯೋ ನಮ್ಮ ಕಣ್ಣಿಗೆ ಬೀಳುತ್ತದೆ. ನೆರಳಿಲ್ಲದಿರುವುದೇ ಇದರ ಕೊರತೆ. ಮುರಕಲ್ಲಿನ ಒರಟು ಮೇಲ್ಮೈ ಪಾದದ ಮೆತ್ತೆಯನ್ನು ಅರದಂತೆ ಸವೆಸುವುದರಿಂದ ಮೊದಲ ಕೆಲವು ವಾರ ಹುಲ್ಲಿರುವ ಅಂಚಿನಲ್ಲಿಯೇ ನಡೆಸಿ, ಮೆತ್ತೆ ಗಟ್ಟಿಯಾದ ಮೇಲೆ ಕಲ್ಲಿಗೆ ಇಳಿಸಬೇಕು. ಕೈಬಿಟ್ಟ ಕಲ್ಲುಕೋರೆಗಳ ಬಳಿ ಹಗ್ಗ ಬಿಚ್ಚಬಾರದು. ಮಳೆಗಾಲದಲ್ಲಿ ಅವು ನೀರು ತುಂಬಿ, ನೇರವಾಗಿ ಕೊರೆದ ಗೋಡೆಗಳಿಂದಾಗಿ ಬಿದ್ದ ನಾಯಿಗೆ ಹತ್ತಿಬರಲು ಹಿಡಿತವೇ ಸಿಗುವುದಿಲ್ಲ.

ಅಡಿಕೆ ತೋಟದೊಳಗೆ ನೆರಳಿದೆ, ನೆಲ ತಂಪಿದೆ, ಸ್ಪ್ರಿಂಕ್ಲರ್ ಬಿಟ್ಟ ಬೇಸಗೆಯಲ್ಲಿ ಹೊರಗಿಗಿಂತ ಹವೆಯೇ ಬೇರೆ. ಆದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟ ತೋಟದಲ್ಲಿ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹುಲ್ಲಿನ ಮೇಲೆ ನೀಲಿಯಾಗಿ ತೊಟ್ಟಿಕ್ಕಿರುತ್ತದೆ. ನಾಯಿ ಹುಲ್ಲು ಅಗಿಯುತ್ತದೆ, ಮನೆಗೆ ಬಂದು ಪಾದ ನೆಕ್ಕುತ್ತದೆ. ತಾಮ್ರ ಹೊಟ್ಟೆಗೆ ಹೋದರೆ ವಾಂತಿಭೇದಿ ಖಚಿತ, ಹೆಚ್ಚು ಹೋದರೆ ಯಕೃತ್ತಿಗೂ ಹಾನಿ. ಮದ್ದು ಬಿಟ್ಟ ಮೇಲೆ ಒಳ್ಳೆಯ ಮಳೆ ಬಂದು ತೊಳೆದುಹೋಗುವವರೆಗೆ ಆ ತೋಟವನ್ನು ಬಿಡಬೇಕು, ಮದ್ದು ಕಲಸಿದ ಡ್ರಮ್ಮಿನಲ್ಲಿ ನಿಂತ ನೀರಿನ ಬಳಿಯಂತೂ ಸುಳಿಯಗೊಡಬಾರದು. ಬಿದ್ದ ಅಡಿಕೆಯನ್ನು ಮರಿಗಳು ಚೆಂಡಿನಂತೆ ಕಚ್ಚಿ ಆಡುವುದುಂಟು. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಮದ್ದಾಗಿ ಬಳಸುತ್ತಿದ್ದರು. ಅಳತೆ ಮೀರಿದರೆ ಜೊಲ್ಲು, ವಾಂತಿ, ನಡುಕ ಬರುತ್ತದೆ. ಸೋಗೆ, ಹಾಳೆಗಳ ರಾಶಿಯ ಕೆಳಗೆ ಹಾವು ಮಲಗಿರುವುದು ತೋಟದವರಿಗೆ ಹೊಸತಲ್ಲ. ಅಲ್ಲಿ ಮೂಗು ತೂರಿಸಲು ಬಿಡದೆ ಹಗ್ಗವನ್ನು ಗಿಡ್ಡವಾಗಿ ಹಿಡಿಯಬೇಕು. ನಾಯಿಗೆ ಹಾವು ಕಚ್ಚಿದರೆ ಗಾಯ ಕುಯ್ಯದೆ, ಕಟ್ಟು ಬಿಗಿಯದೆ, ನಡೆಸದೆ, ಎತ್ತಿಕೊಂಡೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಗೇರುತೋಟಗಳಲ್ಲಿ ಫೆಬ್ರವರಿಯಿಂದ ಮೇವರೆಗೆ ಹಸಿಬೀಜ ಬಿದ್ದಿರುವ ಕಾಲ. ಸಿಪ್ಪೆಯ ಎಣ್ಣೆ ನಮ್ಮ ಕೈಯನ್ನು ಸುಡುವಂತೆಯೇ ನಾಯಿಯ ತುಟಿ, ನಾಲಗೆಯನ್ನೂ ಸುಡುತ್ತದೆ.

ಕಡಲತೀರದಲ್ಲಿ ನಡೆಯುವವರು ಒಣ ಮರಳನ್ನು ಹಗುರವಾಗಿ ಎಣಿಸಬಾರದು. ಗಟ್ಟಿ ನೆಲಕ್ಕೆ ಹೋಲಿಸಿದರೆ ಸಡಿಲ ಮರಳಿನಲ್ಲಿ ನಡೆಯಲು ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹೊಸಬರು ಅಲೆ ಹಿಂದೆ ಸರಿದ ಒದ್ದೆ ಮರಳಿನಲ್ಲಿ ಆರಂಭಿಸಿ, ಕಾಲಿನ ಸ್ನಾಯು ಹೊಂದಿಕೊಂಡ ಮೇಲೆ ಐದೈದು ನಿಮಿಷ ಒಣ ಮರಳಿಗೆ ಬರುವುದು ಒಳ್ಳೆಯದು. ಉಪ್ಪುನೀರು ಕುಡಿದ ನಾಯಿಗೆ ವಾಂತಿಭೇದಿಯಾಗುವುದರಿಂದ ಸಿಹಿನೀರಿನ ಬಾಟಲಿ ಜತೆಗಿರಲಿ. ಕುಡಿಸಲು ಹಾಳೆತಟ್ಟೆಗಿಂತ ಹಗುರವಾದ ಪಾತ್ರೆ ಇಲ್ಲ. ಬಲೆ ಬಿಡಿಸಿದ ಜಾಗದಲ್ಲಿ ತುಕ್ಕು ಹಿಡಿದ ಗಾಳ, ಬಿಸಾಡಿದ ಸಣ್ಣ ಮೀನು, ಅವುಗಳ ನಡುವೆ ವಿಷದ ಉಬ್ಬುಮೀನೂ ಇರಬಹುದು. ಜನ ಸೇರುವ ಬೇಕಲದಂತಹ ತೀರಕ್ಕೆ ರಜಾದಿನದ ಸಂಜೆ ನಾಯಿಯನ್ನು ಕರೆದೊಯ್ಯುವುದು ಯಾರಿಗೂ ಸುಖವಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಲ ಬದಿಯನ್ನು ಪೂರ್ತಿಯಾಗಿ ಬಿಡಬೇಕು.

ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಅದರ ಸರ್ವಿಸ್ ರಸ್ತೆಯಲ್ಲಿ ನಾಯಿಯೊಂದಿಗೆ ನಡೆಯುವುದನ್ನು ನಾನು ಯಾರಿಗೂ ಹೇಳಲಾರೆ.

ಹೆಜ್ಜೆ 4: ಹಗ್ಗ, ಪಟ್ಟಿ, ಹಿಡಿತ

ಕಟ್ಟಿಹಾಕುವ ಸಂಕೋಲೆ ನಡಿಗೆಗೆ ಆಗದು. ನಾಯಿ ಒಮ್ಮೆಲೇ ಎಳೆದಾಗ ಅಂಗೈ ಕಿತ್ತುಬರುತ್ತದೆ. ಐದಾರು ಅಡಿ ಉದ್ದದ, ಚಪ್ಪಟೆ ನೈಲಾನ್ ಹಗ್ಗವೂ, ಎದೆಗೆ ತೊಡಿಸುವ ಹಾರ್ನೆಸ್ಸೂ ಸಾಕು. ಕೊರಳಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರುವಂತಿರಬೇಕು, ಅದರಲ್ಲಿ ಫೋನ್ ಸಂಖ್ಯೆ ಬರೆದ ಬಿಲ್ಲೆಯಿರಬೇಕು. ಜನವರಿಯಲ್ಲಿ ಕುಂಬಳೆ ಜಾತ್ರೆಯ ಬೆಡಿಯ (ಸುಡುಮದ್ದಿನ) ಸದ್ದಿಗೆ ಹೆದರಿ ಹಗ್ಗ ಕಿತ್ತು ಓಡುವ ನಾಯಿಗಳು ಎಷ್ಟೋ. ಜಾತ್ರೆಯ ದಿನಗಳಲ್ಲಿ ನಡಿಗೆಯನ್ನು ಬೆಳಗ್ಗೆಯೇ ಮುಗಿಸಿ, ಸಂಜೆ ನಾಯಿಯನ್ನು ಕೋಣೆಯೊಳಗೆ ಬಿಡುವುದು ಕ್ಷೇಮ.

ಹಗ್ಗದ ಕುಣಿಕೆಗೆ ಹೆಬ್ಬೆರಳನ್ನು ತೂರಿಸಿ ಮುಷ್ಟಿ ಮುಚ್ಚಬೇಕೇ ಹೊರತು ಮಣಿಕಟ್ಟಿಗೆ ಅಥವಾ ಬೆರಳಿಗೆ ಸುತ್ತಿಕೊಳ್ಳಬಾರದು. ಅಮೆರಿಕದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ನಾಯಿಯನ್ನು ಹಗ್ಗ ಹಿಡಿದು ನಡೆಸುವಾಗ 65 ದಾಟಿದವರಿಗಾದ ಮೂಳೆಮುರಿತಗಳು 2004 ಮತ್ತು 2017ರ ನಡುವೆ ಎರಡು ಪಟ್ಟಿಗೂ ಮೀರಿ ಏರಿದ್ದವು. ಹೆಚ್ಚಿನವರು ಮಹಿಳೆಯರು, ಹೆಚ್ಚು ಮುರಿದದ್ದು ಸೊಂಟದ ಮೂಳೆ. ಎಳೆಯುವ ಬಲಿಷ್ಠ ನಾಯಿಯನ್ನು ಅಜ್ಜಿಯ ಕೈಗೆ ಕೊಡುವ ಮೊದಲು ಅದಕ್ಕೆ ಪಕ್ಕದಲ್ಲಿ ನಡೆಯುವುದನ್ನು ಅಂಗಳದಲ್ಲಿಯೇ ಕಲಿಸಬೇಕು. ಹಗ್ಗ ಬಿಗಿಯಾದ ಕ್ಷಣ ನಿಂತುಬಿಡುವುದು, ಸಡಿಲವಾದಾಗ ಮತ್ತೆ ಹೊರಡುವುದು, ಪಕ್ಕಕ್ಕೆ ಬಂದಾಗ ತುಣುಕು ತಿಂಡಿ ಕೊಡುವುದು, ಇಷ್ಟೇ ಪಾಠ. ನಮ್ಮ ಮನೆಗಳಲ್ಲಿ ಒಬ್ಬರು ಕನ್ನಡದಲ್ಲಿ, ಒಬ್ಬರು ತುಳುವಿನಲ್ಲಿ, ಕೆಲಸದವರು ಮಲಯಾಳದಲ್ಲಿ ನಾಯಿಯನ್ನು ಕರೆಯುತ್ತಾರೆ. ನಿಲ್ಲಿಸುವುದಕ್ಕೂ ಬಿಡಿಸುವುದಕ್ಕೂ ಎಲ್ಲರೂ ಒಂದೇ ಮಾತನ್ನು ಬಳಸುವಂತೆ ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಹೆಜ್ಜೆ 5: ನಲುವತ್ತು ನಿಮಿಷಗಳ ಹಂಚಿಕೆ

ನಾಯಿಯೊಂದಿಗಿನ ನಡಿಗೆ ವ್ಯಾಯಾಮವಾಗದೆ ಸೋಲುವುದು ಇಲ್ಲಿಯೇ. ಪ್ರತಿ ಕಲ್ಲಿಗೂ ಪ್ರತಿ ಬೇಲಿಗೂ ಮೂಸುತ್ತಾ ನಿಲ್ಲುವ ನಾಯಿಯ ಹಿಂದೆ ಮುಕ್ಕಾಲು ಗಂಟೆ ತೂಗಾಡಿದರೂ ಹೃದಯಕ್ಕೆ ಸಿಗುವ ಕೆಲಸ ಅಲ್ಪ. ಮೂಸುವುದನ್ನು ತಡೆದರೆ ನಾಯಿಗೆ ಅನ್ಯಾಯ, ಏಕೆಂದರೆ ಅದಕ್ಕೆ ಲೋಕವೆಲ್ಲ ತಿಳಿಯುವುದು ಮೂಗಿನಿಂದ. ಕಾಲಿನ ಓಟದಷ್ಟೇ ಮೂಗಿನ ಕೆಲಸವೂ ಅದನ್ನು ದಣಿಸಿ ಶಾಂತಗೊಳಿಸುತ್ತದೆ. ಆದ್ದರಿಂದ ಹೊತ್ತನ್ನು ಹಂಚಿಕೊಳ್ಳಬೇಕು. ಮೊದಲ ಹತ್ತು ನಿಮಿಷ ಹಗ್ಗ ಉದ್ದ ಬಿಟ್ಟು, ಮಲಮೂತ್ರ ವಿಸರ್ಜನೆಗೂ ಮೂಸುವುದಕ್ಕೂ ಅವಕಾಶ ಕೊಟ್ಟು, ನಾವು ಮಾಂಸಖಂಡಗಳನ್ನು ಸಡಿಲಗೊಳಿಸಬೇಕು. ಬಳಿಕ ಹಗ್ಗವನ್ನು ಗಿಡ್ಡ ಮಾಡಿ, ಹೊರಡುವ ಸೂಚನೆ ಕೊಟ್ಟು, ಇಪ್ಪತ್ತು ನಿಮಿಷ ನಿಲ್ಲದೆ ನಡೆಯಬೇಕು. ಮಾತನಾಡಲು ಆಗುವ, ಆದರೆ ಹಾಡಲು ಉಸಿರು ಸಾಲದ ವೇಗವೇ ಮಧ್ಯಮ ತೀವ್ರತೆಯ ಅಳತೆ. ಇದು ನಿಮಿಷಕ್ಕೆ ಸುಮಾರು ನೂರು ಹೆಜ್ಜೆಗಳಾಗುತ್ತದೆ. ಉಳಿದ ಹತ್ತು ನಿಮಿಷ ಮತ್ತೆ ನಾಯಿಯ ಇಷ್ಟದಂತೆ. ಒಂದೆರಡು ವಾರಗಳಲ್ಲಿ ಹಗ್ಗದ ಉದ್ದವೇ ನಾಯಿಗೆ ಸೂಚನೆಯಾಗಿ, ಗಿಡ್ಡ ಹಿಡಿದೊಡನೆ ತಲೆಯೆತ್ತಿ ನಡೆಯಲಾರಂಭಿಸುತ್ತದೆ.

ವರ್ಷಗಟ್ಟಲೆ ಕಟ್ಟಿಹಾಕಿದ್ದ ನಾಯಿಗೂ ವರ್ಷಗಟ್ಟಲೆ ಕುಳಿತೇ ಇದ್ದ ಮನುಷ್ಯನಿಗೂ ಮೊದಲ ವಾರ ದಿನಕ್ಕೆ ಒಟ್ಟು ಹದಿನೈದು ನಿಮಿಷ ಸಾಕು; ವಾರಕ್ಕೆ ಐದು ನಿಮಿಷದಂತೆ ಏರಿಸಬಹುದು. ಗುಡ್ಡೆಯ ಏರು ಒಂದು ತಿಂಗಳ ಬಳಿಕ.

ನಡುನಡುವೆ ನಾಯಿಯ ಬಾಯಿ ನೋಡಬೇಕು. ನಾಲಗೆ ಅಗಲವಾಗಿ ಸೌಟಿನಾಕಾರದಲ್ಲಿ ಜೋತಿದ್ದರೆ, ಜೊಲ್ಲು ದಪ್ಪಗಾಗಿ ಅಂಟುತ್ತಿದ್ದರೆ, ಒಸಡು ಕಡುಗೆಂಪಾಗಿದ್ದರೆ, ನಡಿಗೆ ತೂರಾಡಿದರೆ ಅದು ಬಿಸಿಲಾಘಾತ. ನಾಯಿಯ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ಅಪಾಯ. ಕೂಡಲೇ ನೆರಳಿಗೆ ತಂದು, ಸಿಕ್ಕಿದ ತಣ್ಣೀರನ್ನು ಮೈಮೇಲೆ ಸುರಿಯುತ್ತಾ ಗಾಳಿ ಬೀಸಬೇಕು; ಒದ್ದೆ ಬಟ್ಟೆ ಹೊದಿಸಿಟ್ಟರೆ ಶಾಖ ಒಳಗೇ ಉಳಿಯುತ್ತದೆ. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬಾರದು. ಮೈ ತಣಿಯತೊಡಗಿದ ಮೇಲೆ ಪಶುವೈದ್ಯರಲ್ಲಿಗೆ ಹೊರಡಬೇಕು.

ಹೆಜ್ಜೆ 6: ಮಳೆಗಾಲದ ಕ್ರಮ

ಮಳೆಯ ನೆಪದಲ್ಲಿ ನಾಲ್ಕು ತಿಂಗಳು ನಿಂತರೆ ಬೇಸಗೆಯ ಗಳಿಕೆಯೆಲ್ಲ ನೀರುಪಾಲು. ಮಳೆಯ ಬಿಡುವು ನೋಡಿ ಹದಿನೈದು ನಿಮಿಷದಂತೆ ದಿನಕ್ಕೆ ಎರಡು ಬಾರಿ ಹೊರಡುವುದು ಮಳೆ ಜೋರಾಗಿರುವ ಆಟಿ ತಿಂಗಳಲ್ಲೂ ಸಾಧ್ಯ. ಹಾವಸೆ ಹಿಡಿದ ಮುರಕಲ್ಲಿನ ಮೆಟ್ಟಿಲು, ಗದ್ದೆಯ ಬದು, ತೋಡಿನ ಪಾಲ (ಕಾಲುಸಂಕ) ಇವುಗಳನ್ನು ಬಿಟ್ಟು, ನೀರು ನಿಲ್ಲದ ಕಾಂಕ್ರೀಟ್ ಅಥವಾ ಡಾಂಬರು ದಾರಿಯಲ್ಲಿ ನಡೆಯಬೇಕು. ಇಲಿಜ್ವರದ ಸೂಕ್ಷ್ಮಾಣು ಇಲಿ, ದನ, ನಾಯಿಗಳ ಮೂತ್ರ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ಬರಿಗಾಲಿನಲ್ಲಿ ಅಥವಾ ಹವಾಯಿ ಚಪ್ಪಲಿಯಲ್ಲಿ ಕೆಸರು ತುಳಿಯದೆ ಗಂಬೂಟು ತೊಡಬೇಕು; ಜ್ವರದೊಂದಿಗೆ ಮೀನಖಂಡ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ ನಾಯಿಯೊಂದಿಗೆ ಕೆಸರಿನಲ್ಲಿ ನಡೆದ ವಿಷಯವನ್ನೂ ಹೇಳಬೇಕು.

ಮರಳಿದ ಮೇಲೆ ನಾಯಿಯ ಬೆರಳ ಸಂದುಗಳನ್ನು ತೊಳೆದು, ಹಳೆಯ ಬೈರಾಸಿನಿಂದ ಒರೆಸಿ ಒಣಗಿಸಬೇಕು. ಕಿವಿಯ ಒಳಮಡಿಕೆ, ಕಂಕುಳು, ಬಾಲದ ಬುಡದಲ್ಲಿ ಬೆರಳಾಡಿಸಿದರೆ ಉಣ್ಣಿ ಸಿಗುತ್ತದೆ. ಚಿಮುಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಎಳೆಯಬೇಕು. ಸೀಮೆಎಣ್ಣೆ ಹಚ್ಚುವ ಹಳೆಯ ರೂಢಿ ಬೇಡ. ಉಣ್ಣಿಯಿಂದ ನಾಯಿಗೆ ಬರುವ ಬಬೇಸಿಯೋಸಿಸ್, ಎರ್ಲಿಕಿಯೋಸಿಸ್ ಜ್ವರಗಳು ರಕ್ತವನ್ನೇ ಬತ್ತಿಸುತ್ತವೆ. ಒಸಡು ಬಿಳಿಚಿಕೊಂಡು, ಊಟ ಬಿಟ್ಟು ಮಂಕಾಗಿ ಮಲಗಿದ ನಾಯಿಯನ್ನು ಆ ದಿನವೇ ಪಶುವೈದ್ಯರಿಗೆ ತೋರಿಸಬೇಕು.

ಹೆಜ್ಜೆ 7: ಬೀದಿನಾಯಿಗಳು ಎದುರಾದಾಗ

ಓಡಬಾರದು, ಹಗ್ಗವನ್ನು ಜಗ್ಗಿ ಬಿಗಿಯಬಾರದು; ನಮ್ಮ ಹೆದರಿಕೆ ಹಗ್ಗದ ಮೂಲಕವೇ ನಮ್ಮ ನಾಯಿಗೆ ಮುಟ್ಟುತ್ತದೆ. ನಿಂತು, ದಿಟ್ಟಿಸದೆ, ನಿಧಾನವಾಗಿ ಬಂದ ದಾರಿಯಲ್ಲಿ ಅಡ್ಡಡ್ಡವಾಗಿ ಹಿಂದೆ ಸರಿಯಬೇಕು. ಮಳೆಯಿರಲಿ ಬಿಡಲಿ ಕೊಡೆಯೊಂದು ಕೈಯಲ್ಲಿರಲಿ: ಹತ್ತಿರ ಬಂದ ನಾಯಿಯ ಮುಂದೆ ಗುಂಡಿ ಒತ್ತಿ ತಟ್ಟನೆ ಬಿಡಿಸಿದರೆ ಹೆಚ್ಚಿನವು ಹಿಮ್ಮೆಟ್ಟುತ್ತವೆ, ಕೊಡೆಯೇ ನಡುವಿನ ಗೋಡೆಯಾಗುತ್ತದೆ. ನಮ್ಮ ನಾಯಿಯೇ ಬೆದರಿ ಓಡದಂತೆ ಅದಕ್ಕೆ ಕೊಡೆ ಬಿಡಿಸುವ ಸದ್ದನ್ನು ಮನೆಯಲ್ಲಿ ಮೊದಲೇ ರೂಢಿ ಮಾಡಿಸಬೇಕು.

ಕಚ್ಚಿದರೆ, ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು, ಅಂದೇ ಸರಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಪಡೆಯಬೇಕು. ರಕ್ತ ಬಂದ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ನಮ್ಮ ನಾಯಿಗೆ ಕಚ್ಚಿದ್ದರೆ, ಅದಕ್ಕೆ ಲಸಿಕೆಯಾಗಿದ್ದರೂ ಸಹ, ಪಶುವೈದ್ಯರಲ್ಲಿ ಮತ್ತೆ ಚುಚ್ಚಿಸಬೇಕು.

ನಾಯಿಯ ಮಲವನ್ನು ದಾರಿಯಲ್ಲಿ ಬಿಡದೆ ಹಳೆಯ ಪತ್ರಿಕೆಯಲ್ಲಿ ಎತ್ತಿ, ಬಾವಿ, ಕುಡಿಯುವ ನೀರಿನ ಸುರಂಗ, ತರಕಾರಿ ಸಾಲುಗಳಿಂದ ದೂರ ಹೂಳಬೇಕು. ಬರಿಗಾಲಿನ ಮಕ್ಕಳ ಚರ್ಮದೊಳಗೆ ಹೊಗುವ ಕೊಕ್ಕೆಹುಳುವಿನ ಮರಿಗಳು ಅದರಲ್ಲಿರುವ ಮೊಟ್ಟೆಗಳಿಂದ ಹೊರಬರುತ್ತವೆ; ಮೂರು ತಿಂಗಳಿಗೊಮ್ಮೆ ಜಂತುನಾಶಕ ಕೊಡುವುದು ಇದೇ ಕಾರಣಕ್ಕೆ.

ನಾಯಿಗೆ ವಯಸ್ಸಾದಾಗ

ದೊಡ್ಡ ತಳಿಗಳು ಏಳೆಂಟು ವರ್ಷಕ್ಕೇ ಮುದಿಯಾಗುತ್ತವೆ, ಸಣ್ಣವು ಇನ್ನೂ ಎರಡು ಮೂರು ವರ್ಷ ತಡೆಯುತ್ತವೆ. ಮಲಗಿದಲ್ಲಿಂದ ಏಳುವಾಗ ಹಿಂಗಾಲು ತಡವರಿಸುವುದು, ಜಗಲಿ ಹತ್ತಲು ಹಿಂಜರಿಯುವುದು, ನಡಿಗೆಯ ಮರುದಿನ ಕುಂಟುವುದು ಕೀಲುನೋವಿನ ಲಕ್ಷಣ. ಆಗ ನಡಿಗೆಯನ್ನು ನಿಲ್ಲಿಸದೆ ಹತ್ತು ನಿಮಿಷಗಳ ಎರಡು ಸುತ್ತುಗಳಾಗಿ ಒಡೆದು, ಸಮತಟ್ಟು ಹುಲ್ಲುನೆಲದಲ್ಲಿ ನಡೆಸಬೇಕು. ನಮ್ಮ ಪಾಲಿನ ಚುರುಕು ನಡಿಗೆಯನ್ನು ಅದನ್ನು ಮನೆಗೆ ಬಿಟ್ಟುಬಂದು ಪೂರೈಸಿಕೊಳ್ಳಬೇಕು. ನೋವಿಗೆಂದು ನಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಅರ್ಧ ಮುರಿದು ಅನ್ನದಲ್ಲಿ ಕಲಸಿ ಕೊಡುವ ಅಭ್ಯಾಸ ಕೆಲವರಲ್ಲಿದೆ. ಇವು ನಾಯಿಯ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೂ ಯಕೃತ್ತಿಗೂ ಹಾನಿ ಮಾಡಬಲ್ಲವು. ನಾಯಿಗೆಂದೇ ತಯಾರಾದ ನೋವುನಿವಾರಕಗಳಿದ್ದು, ತೂಕ ನೋಡಿ ಅಳತೆ ಹೇಳುವುದು ಪಶುವೈದ್ಯರ ಕೆಲಸ.